ಹನ್ನೊಂದು ವರಸೆಯ ಕೋಡಿ

ಆಗುವುದಿಲ್ಲ ಎಂದವನು ನನ್ನ ಸೋದರಮಾವ ಭೀಮಣ್ಣ. ಬೇರೆ ಯಾರಾದರೂ ಅಂದಿದ್ದರೆ ಮರೆತುಬಿಡುತ್ತಿದ್ದೆ. ಸಾಕಿದವನೇ ಅಂದದ್ದರಿಂದ ಅದು ಎದೆಯಲ್ಲಿ ಕೂತುಬಿಟ್ಟಿತು.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಇಬ್ರಾಹಿಂಪುರದ ತವರುಮನೆಗೆ ಬಂದಳು. ರೈಲುಹಳಿಯ ಸಮೀಪ ಎರಡು ಖೋಲಿಯ ಮನೆ. ಮಾವ ಕಲ್ಲಿನ ಕೆಲಸದವನು. ಕೆರೆಯ ಒಡ್ಡು, ಬಾವಿಯ ಕಟ್ಟೆ, ಹಳ್ಳದ ಗೋಡೆ, ವಿಜಯಪುರದ ಸುತ್ತ ಹತ್ತಾರು ಕಡೆ ಅವನ ಕೈಯ ಕಲ್ಲುಗಳಿವೆ. ಸಾಲಿಗೆ ಸೂಟಿ ಬಿಟ್ಟಾಗ ನಾನೂ ಹೋಗಿ ಹೊರುತ್ತಿದ್ದೆ. ಹತ್ತನೇ ಇಯತ್ತೆ ಪಾಸಾದ ದಿನ, ಎಂಜಿನಿಯರ್ ಆಗುತ್ತೇನೆ ಅಂದೆ. ಅವನು ಕೈಯಲ್ಲಿದ್ದ ಉಳಿ ಕೆಳಗಿಟ್ಟು ನಕ್ಕ.

"ಲೇ ಪರಸ್ಯಾ, ಕಲ್ಲು ಇಡಾವ್ರು ನಾವು. ಕಾಗದದ ಮ್ಯಾಲ ಹೆಸರು ಅವರದು. ಇದು ಹಿಂದಿಂದ ಹಿಂಗ ನಡಕೋತ ಬಂದೈತಿ. ಎಂದೂ ತಿರುವುಮುರುವು ಆಗಂಗಿಲ್ಲ."

ಆಯಿತು. ಒಂದು ವಿಷಯದಲ್ಲಿ ಎರಡು ಸಲ ನಪಾಸಾಗಿ, ಮತ್ತೆ ಪರೀಕ್ಷೆ ಕಟ್ಟಿ, ಎಂಜಿನಿಯರಿಂಗ್ ಆಯಿತು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಬಡ್ತಿ, ವರ್ಗಾವಣೆಗಳ ಕಥೆ ಯಾರಿಗೂ ಬೇಡ. ಈಗ ನೀರಾವರಿ ಕೆಲಸಕ್ಕೆ ಸೇರುತ್ತಿರುವ ನೀವು ಸಣ್ಣ ಕೆರೆಯೊಂದರ ಮುಂದೆ ನಿಂತಾಗ ಏನು ನೋಡಬೇಕು, ನಾನು ಏನು ನೋಡದೆ ಹೋದೆ, ಅಷ್ಟನ್ನೇ ಹೇಳುತ್ತೇನೆ.

ಮೊದಲು ಸಿಕ್ಕ ಮೇಲಧಿಕಾರಿ ದೇಸಾಯಿ ಸಾಹೇಬರು. ಆಗ ನನ್ನ ಕೆಲಸ ಬಬಲೇಶ್ವರದ ಕಡೆ. ಜೀಪಿನಲ್ಲಿ ಅವರು ಕರವಸ್ತ್ರ ಸುತ್ತಿದ ಒಂದು ಗಾಜಿನ ಗ್ಲಾಸು ಇಟ್ಟುಕೊಂಡಿರುತ್ತಿದ್ದರು. ಅದು ಯಾತಕ್ಕೆ ಎಂಬುದರ ಬಗ್ಗೆ ಕಚೇರಿಯಲ್ಲಿ ಒಳ್ಳೆಯ ಮಾತುಗಳಿರಲಿಲ್ಲ. ನಾನು ನೋಡಿಬಂದ ಮೊದಲ ಕೆರೆಯ ವರದಿಯಲ್ಲಿ "ಒಡ್ಡು ಸುಸ್ಥಿತಿಯಲ್ಲಿದೆ" ಎಂದು ಬರೆದುಕೊಟ್ಟೆ.

"ಎಲ್ಲಿ ಅಡ್ಡಾಡಿದಿ?" ಅಂದರು.

"ಒಡ್ಡಿನ ಮ್ಯಾಲ್ರಿ. ಈ ತುದಿಯಿಂದ ಆ ತುದಿತನಾ."

"ಟೊಪ್ಪಿಗಿ ನೋಡಿ ರೋಗ ಹೇಳಿದಂಗಾತು."

ಅವತ್ತೇ ಜೀಪು ಹತ್ತಿಸಿ ಒಡ್ಡಿನ ಹಿಂಬದಿಗೆ, ಅದರ ಬುಡಕ್ಕೆ ಕರೆದೊಯ್ದರು. ಜಾಲಿ ಮುಳ್ಳಿನ ನಡುವೆ ಒಂದು ಕಡೆ ನೆಲ ಹಸಿಯಾಗಿ, ದಾರದಷ್ಟು ನೀರು ಹರಿಯುತ್ತಿತ್ತು. ಸಾಹೇಬರು ಗ್ಲಾಸು ತೆಗೆದು ಆ ನೀರನ್ನು ಹಿಡಿದು, ಒಂದು ಕಲ್ಲಿನ ಮೇಲಿಟ್ಟು, ಬೀಡಿ ಹಚ್ಚಿದರು. ಬೀಡಿ ಮುಗಿದ ಮೇಲೆ ಗ್ಲಾಸಿನ ತಳ ನೋಡಿದರು. ತಿಳಿಯಾಗಿತ್ತು.

"ಬರೇ ನೀರು ಬಂದ್ರ ಅದು ಕೆರಿ ಬೆವರು. ಜೋಡಿ ಮಣ್ಣು ಬಂದ್ರ ಅದು ಕೆರಿ ರಕ್ತ. ಬೆವರು ಕಂಡ್ರ ಪುಸ್ತಕದಾಗ ಬರಿ. ರಕ್ತ ಕಂಡ್ರ ಓಡು, ಮಂದೀನ ಎಬ್ಬಸು."

ನಿವೃತ್ತಿಯ ದಿನ ಅವರು ಆ ಗ್ಲಾಸನ್ನು ನನಗೆ ಕೊಟ್ಟು ಹೋದರು.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಒಂದು ಕೆರೆಗೆ ಎಷ್ಟು ಮಹಾಪೂರ ಬರಬಹುದು, ಅಷ್ಟು ನೀರು ಕೋಡಿಯಿಂದ ಹೊರಗೆ ಹೋದೀತೇ ಎಂಬುದನ್ನು ನಾವು ನಕಾಶೆಯ ಮೇಲೆ ದಾರ ಇಟ್ಟು, ಕೋಷ್ಟಕ ತಿರುವಿ, ಮೂರು ದಿನ ಗುಣಿಸಿ ತೆಗೆಯುತ್ತಿದ್ದೆವು. ಕಂಪ್ಯೂಟರು ಬಂದ ಮೇಲೆ ಅದು ಚಹಾ ಕುಡಿಯುವಷ್ಟರಲ್ಲಿ ಬರತೊಡಗಿತು. ಒಳ್ಳೆಯದೇ. ಆದರೆ ನೀವು ಕೊಟ್ಟ ಅಂಕಿ ಖರೆಯೋ ಸುಳ್ಳೋ ಎಂದು ಅದು ನಿಮ್ಮನ್ನು ಕೇಳುವುದಿಲ್ಲ. ದೇಸಾಯಿ ಸಾಹೇಬರು ಕೇಳುತ್ತಿದ್ದರು.

ಅದಕ್ಕಿಂತ ದೊಡ್ಡ ಬದಲಾವಣೆ ನೀರಿನದೇ. ನಮ್ಮ ಸೀಮೆಯ ಕೆರೆಗಳನ್ನು ಕಟ್ಟಿದ್ದು ಬರಿದಾಗಿರುವುದಕ್ಕೆ ಅಂದರೂ ಸರಿ. ಮಳೆ ಹೊಡೆದರೆ ಮೊದಲು ಕೆರೆಯ ಖಾಲಿ ಹೊಟ್ಟೆ ತುಂಬಬೇಕು, ಆಮೇಲೆ ಕೋಡಿ. ಎಷ್ಟೋ ಕೆರೆಗಳ ಕೋಡಿಯ ಮೇಲೆ ನೀರು ಹರಿದದ್ದನ್ನು ಒಂದು ತಲೆಮಾರು ನೋಡಿರಲಿಲ್ಲ. ಹೊಳೆಯ ನೀರನ್ನು ಕೊಳವೆಯಲ್ಲಿ ತಂದು ಕೆರೆ ತುಂಬಿಸತೊಡಗಿದ ಮೇಲೆ ಲೆಕ್ಕ ತಿರುಗಿತು. ಸೆಪ್ಟೆಂಬರಿನ ಉತ್ತರಿ ಮಳೆ ಬರುವ ಹೊತ್ತಿಗೆ ಕೆರೆ ಮೊದಲೇ ಕಂಠಮಟ್ಟ ತುಂಬಿ ಕೂತಿರುತ್ತದೆ. ಬರುವ ಮಹಾಪೂರಕ್ಕೆ ಒಳಗೆ ಜಾಗವಿಲ್ಲ, ಪೂರ್ತಿ ಕೋಡಿಯ ಮೇಲೆಯೇ ದಾಟಬೇಕು. ಹಾಗಾಗಿ ಹಳೆಯ ಕೆರೆಗಳನ್ನೆಲ್ಲ ಮತ್ತೆ ಅಳೆಯುವ ಕೆಲಸ ನಮ್ಮ ಪಾಲಿಗೆ ಬಂತು. ಆಗ ನನ್ನ ನೌಕರಿಯ ಕೊನೆಯ ವರ್ಷಗಳು.

ಟಿಕೋಟಾದಿಂದ ಘೋಣಸಗಿಯ ಕಡೆ ಹೋಗುವಾಗ ಒಳಗೆ ಹೊರಳಿದರೆ ಸಿಗುವ ಒಂದು ಊರು. ಹೆಸರು ಬರೆಯುವುದಿಲ್ಲ, ಅಲ್ಲಿ ಈಗಲೂ ನನಗೆ ರೊಟ್ಟಿ ಬಡಿಯುವ ಮನೆಗಳಿವೆ. ಸಣ್ಣ ಕೆರೆ. ಒಡ್ಡಿನ ಕೆಳಗೆ ಹಳ್ಳದ ದಂಡೆಗೆ ಹದಿನಾಲ್ಕು ಮನೆ, ಅದರಾಚೆ ದ್ರಾಕ್ಷಿ ತೋಟಗಳು. ಅದರ ಕೋಡಿಯನ್ನು ಕಟ್ಟಿದ ಗುಂಪಿನ ಮೇಸ್ತ್ರಿ ನಮ್ಮ ಮಾವ. ಹುಡುಗನಾಗಿದ್ದಾಗ ನಾನೂ ಅಲ್ಲಿ ಒಂದು ಬೇಸಗೆ ಕಲ್ಲು ಹೊತ್ತಿದ್ದೆ. ಕೋಡಿ ಎಂದರೆ ಒಡ್ಡಿನ ಒಂದು ಬದಿಗೆ, ಒಡ್ಡಿಗಿಂತ ತಗ್ಗಾಗಿ ಬಿಟ್ಟ ಕಲ್ಲಿನ ಗೋಡೆ. ಹೆಚ್ಚಿನ ನೀರು ಅದರ ಮೇಲಿಂದ ಹಳ್ಳಕ್ಕೆ ಇಳಿಯಬೇಕು.

ಜೂನಿನಲ್ಲಿ, ಕೆರೆಯಲ್ಲಿ ನೀರು ಕಡಿಮೆಯಿದ್ದಾಗ ಯಂತ್ರ ಇಟ್ಟು ಎತ್ತರಗಳ ಮಟ್ಟ ತೆಗೆದೆ. ಕೋಡಿಯ ಮೇಲೆ, ಎತ್ತರ ಅಳೆಯಲು ಆಧಾರವಾದ, ಬಾಣದ ಗುರುತು ಕೆತ್ತಿದ ಸರ್ಕಾರದ ಮಟ್ಟದ ಕಲ್ಲು ಸುಣ್ಣ ಬಳಿದುಕೊಂಡು ನೆಟ್ಟಗೆ ಕೂತಿತ್ತು. ಹಳೆಯ ಕಡತದ ಪ್ರಕಾರ ಒಡ್ಡಿನ ನೆತ್ತಿ ಆ ಕಲ್ಲಿಗಿಂತ ಆರು ಅಡಿ ಮೇಲಿರಬೇಕು. ನನ್ನ ಯಂತ್ರ ನಾಲ್ಕೇ ಅಡಿ ತೋರಿಸಿತು. ಹತ್ತು ಕಡೆ ನೋಡಿದೆ. ಹತ್ತೂ ಕಡೆ ನಾಲ್ಕೇ.

ವರದಿ ಬರೆದೆ: "ಒಡ್ಡು ಎರಡು ಅಡಿ ಕುಸಿದಿದೆ. ಮಣ್ಣು ಏರಿಸಿ ಮೊದಲಿನ ಎತ್ತರಕ್ಕೆ ತರತಕ್ಕದ್ದು." ಸಹಿ ಹಾಕಿದೆ.

ಕೆರೆ ಸಮಿತಿಯ ಅಧ್ಯಕ್ಷ ಬಸಗೊಂಡಪ್ಪನಿಗೆ ಅದಕ್ಕಿಂತ ಸಿಹಿ ಸುದ್ದಿ ಇರಲಿಲ್ಲ. ದ್ರಾಕ್ಷಿ ಬೆಳೆಗಾರ, ಒಳ್ಳೆಯ ಮನುಷ್ಯ, ನೀರು ಎಂದರೆ ಪ್ರಾಣ. ಊರಿನ ಟ್ರ್ಯಾಕ್ಟರುಗಳನ್ನೇ ಹಚ್ಚಿ ಒಡ್ಡಿನ ಮೇಲೆ ಗರಸು, ಅಂದರೆ ಹರಳುಮಣ್ಣು, ಸುರಿಸತೊಡಗಿದ. ಆ ಕಡೆ ಕೊಳವೆಯ ನೀರೂ ಬರತೊಡಗಿತು.

ಸೆಪ್ಟೆಂಬರಿನ ಒಂದು ದಿನ ಊಟಕ್ಕೆ ಕೂತಾಗ ಮಾವನಿಗೆ ಹೇಳಿದೆ. ಎಂಬತ್ತರ ಆಸುಪಾಸು ಅವನಿಗೆ, ಆದರೂ ರೊಟ್ಟಿ ಮುರಿಯುವ ಬೆರಳುಗಳಲ್ಲಿ ಕಲ್ಲಿನ ಬಲ.

"ಮಾವಾ, ನಿಮ್ಮ ಕಾಲದ ಆ ಒಡ್ಡು ಎರಡು ಫೂಟು ಕುಸದೈತಿ ನೋಡು."

ಅವನು ತುತ್ತು ತಟ್ಟೆಯಲ್ಲಿಟ್ಟ.

"ಎಲ್ಲಿ ಕುಸದೈತಿ? ನಡಕೋ, ತುದಿಗೋ?"

"ಎಲ್ಲಾ ಕಡೆ. ಹತ್ತು ಕಡೆ ಅಳದೀನಿ, ಒಂದ ಸಮ ಎರಡು ಫೂಟು."

"ಒಂದ ಸಮ?" ಮಾವ ನನ್ನನ್ನು ದಿಟ್ಟಿಸಿದ. "ನಡಕ ಮಣ್ಣು ಮೂರಾಳೆತ್ತರ ಐತಿ. ತುದಿಗೆ ಮೊಳಕಾಲುಮಟ. ಕುಸದ್ರ ನಡಕ ಕುಸೀಬೇಕು. ಮೂರಾಳೆತ್ತರದ್ದೂ ಮೊಳಕಾಲುಮಟದ್ದೂ ಒಂದ ಸಮ ಹೆಂಗ ಕುಸೀತಾವೋ? ಸಾಲಿ ಕಲಿಸಿದ್ದು ಇದನ್ನೇನು?"

ನಾನು ಊಟ ಬಿಟ್ಟು ಎದ್ದು ಅಳತೆ ಪುಸ್ತಕ ತೆಗೆದೆ. ತುದಿ, ನಡು, ತುದಿ. ಎಲ್ಲ ಒಂದೇ. ಮಣ್ಣಿನ ಒಡ್ಡು ಹಾಗೆ ಕುಸಿಯುವುದಿಲ್ಲ ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ನಾನೇ ಹೇಳಿಕೊಟ್ಟವನು. ತಪ್ಪು ಎಲ್ಲೋ ಇತ್ತು. ಅದರ ಮೇಲೆ ನನ್ನ ಸಹಿ ಇತ್ತು.

ಮರುದಿನ ಬೆಳಿಗ್ಗೆ ಮಾವನನ್ನು ಕರೆದುಕೊಂಡು ಹೊರಟೆ. ಕೆರೆ ತುಂಬಿ ನಿಂತಿತ್ತು, ನೀರು ಕೋಡಿಯ ನೆತ್ತಿಗೆ ನಾಲ್ಕು ಬೆರಳು ಕಡಿಮೆ. ಮಾವ ಒಡ್ಡಿನ ಕಡೆ ಕಣ್ಣೆತ್ತಿ ನೋಡಲಿಲ್ಲ. ಕೋಡಿಯ ಕೆಳಗೆ ಹಳ್ಳಕ್ಕೆ ಇಳಿದು, ಗೋಡೆಯ ಮುಂದೆ ನಿಂತು, ಕೋಲಿನಿಂದ ಬುಡದ ವರಸೆಯಿಂದ ಎಣಿಸತೊಡಗಿದ. ಒಂದೊಂದು ವರಸೆ ಎಂದರೆ ಒಂದೊಂದು ಅಡಿ ದಪ್ಪದ ಕಲ್ಲಿನ ಸಾಲು. ಒಂಬತ್ತಕ್ಕೆ ಬಂದು ಕೋಲು ನಿಲ್ಲಿಸಿದ. ಮೇಲೆ ಇನ್ನೂ ಎರಡು ಇದ್ದವು.

"ನಾ ಇಟ್ಟಿದ್ದು ಒಂಬತ್ತು. ಇಲ್ಲಿ ಹನ್ನೊಂದು ಅದಾವ. ಒಡ್ಡು ಕುಸದಿಲ್ಲೋ ಅಳ್ಯಾ. ಕೋಡಿ ಬೆಳದೈತಿ."

ಅಷ್ಟರಲ್ಲಿ ಊರಿನ ಗೌಂಡಿ ದಸ್ತಗೀರ ಬಂದ. ಕೇಳಿದೆ. ಅವನು ಮುಚ್ಚಿಡಲಿಲ್ಲ, ಮುಚ್ಚಿಡುವ ಕೆಲಸ ಮಾಡಿದ್ದೇನೆಂದು ಅವನಿಗೆ ಅನಿಸಿಯೂ ಇರಲಿಲ್ಲ.

"ಕೊಳವಿ ನೀರು ಬಂದ ವರ್ಷ ಊರಾಗಿನವರೆಲ್ಲಾ ಕೂಡಿ ಏರಿಸೀವ್ರಿ. ಎರಡು ಫೂಟು ನೀರು ಜಾಸ್ತಿ ನಿಲ್ಲತೈತಂತ."

"ಮತ್ತ ಈ ಮಟ್ಟದ ಕಲ್ಲು?"

"ಸರಕಾರದ ಕಲ್ಲು ಒಳಗ ಹಾಕಿ ಮುಚ್ಚೂದು ಚೊಲೋ ಅಲ್ಲಂತ, ಎತ್ತಿ ಮ್ಯಾಲ ಕುಂದರಸೀನ್ರಿ. ಬಾಣಾನೂ ಹೆಂಗಿತ್ತೋ ಹಂಗ ಇಟ್ಟೀನಿ. ವರ್ಷಾ ಸುಣ್ಣಾ ಹಚ್ಚತೀನ್ರಿ."

ಮಾವ ಮೇಲಿನ ಎರಡು ವರಸೆಯ ಸಂದುಗಳ ಮೇಲೆ ಬೆರಳಾಡಿಸಿದ. ಅದೇ ಖಣಿಯ ಕಲ್ಲು, ಕೂದಲೆಳೆ ವ್ಯತ್ಯಾಸವಿಲ್ಲದ ಜೋಡಣೆ. "ಕೆಲಸ ಭಾಳ ಚೊಲೋ ಮಾಡೀಯಪಾ" ಅಂದ. "ಅದಕ್ಕ ಈ ಶ್ಯಾಣ್ಯಾ ಮೋಸ ಹೋಗ್ಯಾನ."

ನನಗೆ ನಗು ಬರಲಿಲ್ಲ. ಮಾವ ಮತ್ತೊಂದು ಮಾತು ಅಂದ. ಒಡ್ಡಿನ ನಡುವೆ ನೀರು ತಡೆಯಲು ಹಾಕಿದ ಕರಿಮಣ್ಣಿನ ಗೋಡೆ ಹಳೆಯ ಕೋಡಿಗಿಂತ ಒಂದೇ ಅಡಿ ಎತ್ತರ, ಅದರ ಮೇಲೆ ಬರೀ ಗರಸು. ಅಂದರೆ ಆಗ ನಿಂತಿದ್ದ ನೀರು ಕರಿಮಣ್ಣನ್ನು ದಾಟಿ ಗರಸಿಗೆ ತಾಗಿತ್ತು. ಅದರ ಮೇಲೆ ನನ್ನ ವರದಿಯ ಪ್ರಕಾರ ಸುರಿದ ಸಡಿಲ ಮಣ್ಣಿನ ಭಾರ.

ಗ್ಲಾಸು ತೆಗೆದುಕೊಂಡು ಒಡ್ಡಿನ ಹಿಂಬದಿಗೆ ಓಡಿದೆ. ಬುಡಕ್ಕಿಂತ ಬಹಳ ಮೇಲೆ ಹುಲ್ಲು ಹಸಿಯಾಗಿತ್ತು. ಹುಲ್ಲು ಸರಿಸಿದರೆ ಕಿರುಬೆರಳಿನಷ್ಟು ನೀರು. ಗ್ಲಾಸಿನಲ್ಲಿ ಹಿಡಿದು ಕಲ್ಲಿನ ಮೇಲಿಟ್ಟೆ. ನಾನು ಬೀಡಿ ಸೇದುವವನಲ್ಲ. ಗಡಿಯಾರ ನೋಡುತ್ತ ಕೂತೆ. ಹತ್ತು ನಿಮಿಷಕ್ಕೆ ಗ್ಲಾಸಿನ ತಳದಲ್ಲಿ ಉಗುರಿನ ದಪ್ಪ ಕೆಮ್ಮಣ್ಣು ಕೂತಿತು.

ಮೂಡಣದ ಕಡೆ ಮೋಡ ಕಟ್ಟುತ್ತಿತ್ತು.

ಮೇಲಿನವರಿಗೆ ಫೋನ್ ಮಾಡಿದೆ. ಹೊಸ ಸಾಹೇಬರು, ನನಗಿಂತ ಚಿಕ್ಕವರು. "ಮೊದಲಿನ ವರದಿ ನಿಮ್ಮದೇ ಅಲ್ವೇನ್ರಿ? ಅದು ತಪ್ಪು ಅಂತ ಬರಹದಲ್ಲಿ ಕೊಡ್ತೀರಾ?" ಅಂದರು. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದೆ: "ಒಡ್ಡು ಕುಸಿದಿಲ್ಲ. ನನ್ನ ವರದಿ ತಪ್ಪು. ಕೋಡಿಯನ್ನು ಎರಡು ಅಡಿ ಏರಿಸಲಾಗಿದೆ. ಇಂದೇ ಇಳಿಸಬೇಕು." ಸಹಿ ಹಾಕಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಒಂದು ಗಂಟೆಯಲ್ಲಿ ಕೊಳವೆಯ ನೀರು ನಿಂತಿತು, ಇಳಿಸಲು ಅನುಮತಿಯೂ ಬಂತು. ಆದರೆ ಸಾಹೇಬರು ಕೊನೆಗೆ ಒಂದು ಮಾತು ಸೇರಿಸಿದರು: "ಊರಿನವರನ್ನು ಒಪ್ಪಿಸಿ ಮಾಡಿ. ಗಲಾಟೆ ಆಗಬಾರದು."

ಕೋಡಿಯ ಮೇಲೆ ಊರೇ ಬಂದು ನಿಂತಿತ್ತು. ಬಸಗೊಂಡಪ್ಪ ಮುಂದೆ.

"ಏನ್ರಿ ಸಾಹೇಬ್ರ, ಜೂನದಾಗ ಒಡ್ಡು ಕುಸದೈತಿ ಅಂತ ಸಹಿ ಮಾಡಿ ಕೊಟ್ರಿ. ಇವತ್ತು ಕೋಡಿ ಬೆಳದೈತಿ ಅಂತೀರಿ. ನಾಳಿ ಏನೇನ್ ಬೆಳೀತೈತ್ರಿ?"

ಜನ ನಕ್ಕರು.

"ನಂದು ತಪ್ಪಾತು ಗೌಡ್ರ. ಬರದೂ ಕೊಟ್ಟೀನಿ. ಈಗ ಈ ಎರಡು ವರಸಿ ತಗೀಬೇಕು."

"ಎರಡು ಫೂಟು ನೀರು ಹಳ್ಳಕ್ಕ ಬಿಡಬೇಕಾ? ಅಕ್ಟೋಬರದಾಗ ಬಳ್ಳಿ ಕತ್ತರಸೂ ಚಾಟ್ನಿ ಮುಂದೈತಿ. ಬಳ್ಳಿಗೆ ನಿಮ್ಮ ತಪ್ಪು ಕುಡಸೂದೇನ್ರಿ?"

ಮಾತಿಗೆ ಮಾತು ಬೆಳೆಯಿತು. ಅಲ್ಲಿ ನನ್ನ ಪದವಿಗೆ ಏನೂ ಕಿಮ್ಮತ್ತಿರಲಿಲ್ಲ. ಅದನ್ನು ನಾನೇ ಕಳೆದುಕೊಂಡಿದ್ದೆ. ಕೊನೆಗೆ ಗ್ಲಾಸನ್ನು ಬಸಗೊಂಡಪ್ಪನ ಕೈಯಲ್ಲಿಟ್ಟೆ.

"ಇದು ನಿಮ್ಮ ಒಡ್ಡಿನ ಒಳಗಿನ ಮಣ್ಣು. ಹತ್ತು ನಿಮಿಷದ್ದು. ಮಳಿ ಬಂದು ಇನ್ನೊಂದು ಮೊಳ ನೀರು ಏರಿದ್ರ ಗ್ಲಾಸ್ ಹಿಡಿಯಾಕ ನಾನೂ ಇರಂಗಿಲ್ಲ, ಕೆಳಗಿನ ಹದಿನಾಲ್ಕು ಮನಿನೂ ಇರಂಗಿಲ್ಲ. ಹಳೇ ಕೋಡಿಮಟ ನೀರು ನಿಮ್ಮದ. ಅದಕ್ಕ ನಾ ಕೈ ಹಚ್ಚಂಗಿಲ್ಲ."

ಅವನು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ. ಗುಂಪಿನ ಹಿಂದಿನಿಂದ ಹಳ್ಳದ ದಂಡೆಯ ಮನೆಯ ಒಬ್ಬ ಹೆಣ್ಣುಮಗಳು ಕೂಗಿದಳು: "ನೋಡ್ಕೋತ ನಿಂತೀಯಲ್ಲೋ ಬಸಗೊಂಡಾ! ನಿನ್ನ ಮನಿ ದಿಬ್ಬದ ಮ್ಯಾಲೈತಿ!"

ಯಾರೂ ನಗಲಿಲ್ಲ. ದಸ್ತಗೀರ ಹಾರೆ ಎತ್ತಿಕೊಂಡ. "ನಾನ ಏರಿಸಿದ್ದು, ನಾನ ಇಳಸ್ತೀನ್ರಿ" ಎಂದು ಬಸಗೊಂಡಪ್ಪನ ಮುಖ ನೋಡಿದ. ಬಸಗೊಂಡಪ್ಪ ಗ್ಲಾಸನ್ನು ನನಗೆ ಮರಳಿಸಿ, ಧೋತರ ಮೇಲೆ ಕಟ್ಟಿದ.

ಮೊದಲು ಕೆಳಗಿನ ಮನೆಯವರನ್ನು, ದನಗಳನ್ನು ದಿಬ್ಬದ ಮೇಲಿನ ಸಾಲಿ ಕಟ್ಟಡದ ಬಳಿಗೆ ಕಳಿಸಿದೆವು. ಆಮೇಲೆ ಕೋಡಿ. ಇಲ್ಲಿ ಅವಸರ ಮಾಡಿದರೆ ನಾವೇ ಪ್ರವಾಹ ತಂದಂತೆ. ಒಂದು ತುದಿಯಿಂದ ಸ್ವಲ್ಪ ತೆಗೆಯುವುದು, ನೀರು ಹೋಗಲು ಬಿಡುವುದು, ಹಳ್ಳದಲ್ಲಿ ಮಟ್ಟ ನೋಡುವುದು, ಮತ್ತೆ ಸ್ವಲ್ಪ. ದಸ್ತಗೀರನ ಜೋಡಣೆ ಬಿಡಿಸುವುದು ಸುಲಭವಿರಲಿಲ್ಲ. ಮಾವ ದಂಡೆಯ ಮೇಲೆ ಕೂತು ಕೋಲು ತೋರಿಸುತ್ತಿದ್ದ: "ಆ ಕಲ್ಲು ಬ್ಯಾಡೋ, ಅದರ ಬಾಜೂದು ಎಬ್ಬಸು. ಅದು ಕೀಲಿ ಐತಿ, ಅದು ಬಂದ್ರ ಉಳದಾವು ಸಡ್ಲ ಆಗ್ತಾವ." ಸಂಜೆಯ ಹೊತ್ತಿಗೆ ಮೇಲಿನ ವರಸೆ ಪೂರ್ತಿ ಹೋಗಿತ್ತು. ಮರುದಿನ ಬೆಳಗಾಗುತ್ತಲೇ ಮತ್ತೆ ಕೆಲಸಕ್ಕೆ ಹತ್ತಿದೆವು. ಮಧ್ಯಾಹ್ನಕ್ಕೆ ಕೊನೆಯ ಕಲ್ಲು ಉರುಳಿತು. ಒಡ್ಡಿನ ಹಿಂಬದಿಯ ನೀರು ದಾರದಷ್ಟಾಗಿ, ಆಮೇಲೆ ನಿಂತಿತು.

ಮೂರು ಗಂಟೆಗೆ ಮಳೆ ಬಂತು. ನಮ್ಮ ಕಡೆಯ ಮಳೆ ನಿಮಗೆ ಗೊತ್ತು, ಬಾರದಿದ್ದರೆ ಇಲ್ಲ, ಬಂದರೆ ಕೊಡಪಾನ ಬೋರಲು. ಮೇಲಿನ ಹಳ್ಳಗಳೆಲ್ಲ ಒಂದೇ ಸಲ ಕೆರೆಗೆ ಬಿದ್ದವು. ಕೋಡಿಯ ಪಕ್ಕ ಅಳತೆಪಟ್ಟಿ ನೆಟ್ಟು ಕಾಲು ಗಂಟೆಗೊಮ್ಮೆ ಓದಿದೆ. ಹಳೆಯ ಕೋಡಿಯ ಮೇಲೆ ಒಂದು ಅಡಿ. ಎರಡು. ಎರಡೂವರೆ. ನೀರಿನ ಸಪ್ಪಳದಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಮೂರು. ಬಸಗೊಂಡಪ್ಪ ನನ್ನ ರಟ್ಟೆ ಹಿಡಿದದ್ದು ನನಗೆ ಗೊತ್ತಾದದ್ದು ಮನೆಗೆ ಹೋಗಿ ಅಂಗಿ ಬಿಚ್ಚಿ ಬೆರಳಿನ ಗುರುತು ಕಂಡಾಗ. ಮೂರೂವರೆಗೆ ಬಂದು ನೀರು ನಿಂತಿತು. ಮುಂದಿನ ಕಾಲು ಗಂಟೆಯೂ ಮೂರೂವರೆ. ಅದರ ಮುಂದಿನದು ಎರಡು ಬೆರಳು ಕಡಿಮೆ.

ಒಡ್ಡಿನ ಹಳೆಯ ನೆತ್ತಿಗೆ ಎರಡೂವರೆ ಅಡಿ ಉಳಿದಿತ್ತು. ಆ ಎರಡು ವರಸೆ ಇದ್ದಿದ್ದರೆ ಅರ್ಧ ಅಡಿ, ಅದೂ ಒಳಗೇ ಸೋರಿ ಟೊಳ್ಳಾದ ಗರಸಿನಲ್ಲಿ. ಮುಂದಿನದನ್ನು ನೀವೇ ಲೆಕ್ಕ ಹಾಕಿಕೊಳ್ಳಿ, ಕಂಪ್ಯೂಟರು ಬೇಕಿಲ್ಲ.

ಮುಂದಿನ ಬೇಸಗೆಯಲ್ಲಿ ಸುರಿದ ಸಡಿಲ ಮಣ್ಣನ್ನು ತೆಗೆಸಿ, ಸೋರಿದ ಜಾಗ ಅಗೆದು ಕರಿಮಣ್ಣು ಹಾಕಿ ದಮ್ಮಸ್ಸು ಹೊಡೆಸಿ ಗಟ್ಟಿ ಮಾಡಿದೆವು. ಕೆರೆ ಪೂರ್ತಿ ತುಂಬಿರುವಾಗಲೇ ಮಹಾಪೂರ ಬರುತ್ತದೆ ಎಂದು ಹಿಡಿದು ಲೆಕ್ಕ ಹಾಕಿದೆ. ಕೋಡಿ ಸಾಲುತ್ತಿರಲಿಲ್ಲ. ಎತ್ತರ ಮುಟ್ಟದೆ ಅಗಲ ಮಾಡಿದೆವು. ಹೊಸ ಭಾಗಕ್ಕೂ ಒಂಬತ್ತೇ ವರಸೆ. ಬಿಚ್ಚಿದ ಕಲ್ಲುಗಳನ್ನೇ ದಸ್ತಗೀರ ಅಲ್ಲಿ ಇಟ್ಟ. ಮಟ್ಟದ ಕಲ್ಲನ್ನು ಹಳೆಯ ಜಾಗದಲ್ಲಿ ಕೂರಿಸುವಾಗ ನಾನು ಯಂತ್ರ ಹಿಡಿದು ನಿಂತಿದ್ದೆ. ಜೊತೆಗೆ ವರಸೆಗಳನ್ನು ಬೆರಳು ಮಡಚಿ ಎಣಿಸಿದೆ. ಈಗಲೂ ಯಾವ ಕೆರೆಗೆ ಹೋದರೂ ಎಣಿಸುತ್ತೇನೆ. ನೀವೂ ಎಣಿಸಿ. ಕೆತ್ತಿದ ಗುರುತನ್ನು ನಂಬುವ ಮೊದಲು ಅದನ್ನು ಸುಣ್ಣ ಹಚ್ಚಿ ನೋಡಿಕೊಳ್ಳುವವನು ಯಾರು ಎಂದು ಕೇಳಿ.

ಮಳೆಗಾಲಕ್ಕೆ ಮುಂಚೆ, ಕೆರೆ ಸುರಕ್ಷಿತವಾಗಿದೆ ಎಂಬ ಪ್ರಮಾಣಪತ್ರವನ್ನು ಕೋಡಿಯ ಹತ್ತಿರವೇ ಬಸಗೊಂಡಪ್ಪನ ಕೈಗೆ ಕೊಟ್ಟೆ. ಮಾವನನ್ನೂ ಕರೆದುಕೊಂಡು ಹೋಗಿದ್ದೆ. ಬಸಗೊಂಡಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡು, ಓದಿ, "ಹಿರ್ಯಾರ, ನೀವೂ ನೋಡ್ರಿ" ಎಂದು ಮಾವನಿಗೆ ಕೊಟ್ಟ. ಮಾವನಿಗೆ ಓದು ಬಾರದು. ಕಾಗದವನ್ನು ನನ್ನ ಮುಂದೆ ಹಿಡಿದ.

"ನಿನ್ನ ಹೆಸರು ಎಲ್ಲೈತಿ?"

ತೋರಿಸಿದೆ. ಅದರ ಮೇಲೆ ಬೆರಳಿಟ್ಟು ನೋಡಿದ.

"ಕಲ್ಲು ಇಟ್ಟಾವ್ರದು?"

"ಅದಕ್ಕ ಇದರಾಗ ಜಾಗಾ ಇಲ್ಲ ಮಾವಾ."

ಅವನು ಕೋಡಿಯ ಕಡೆ, ಅಲ್ಲಿ ಕಲ್ಲು ಒರೆಸುತ್ತಿದ್ದ ದಸ್ತಗೀರನ ಕಡೆ ನೋಡಿ ನಕ್ಕ. ಕಾಗದವನ್ನು ಮಡಚದೆ ಬಸಗೊಂಡಪ್ಪನಿಗೆ ಮರಳಿಸಿದ.

"ಹಂಗಾರ ನಾ ಅಂದದ್ದು ಅರ್ಧಾ ಖರೇನ ಉಳೀತು. ಅರ್ಧಾ ನೀ ಸುಳ್ಳ ಮಾಡಿದಿ, ಸಾಕು. ಉಳದದ್ದು ನಿನ್ನ ಹಿಂದ ಬರಾವ್ರು ಮಾಡ್ಲಿ ಬಿಡು."